ಕಿಟಕಿ ಕಟ್ಟೆಯ ಲೋಟ

ಪೂರ್ವಗ್ರಹ ಅಳೆಯುವ ಕೆಲಸ ನನಗೆ ಸಿಕ್ಕಿದ್ದು ನಾಯಿಗಳ ದಯೆಯಿಂದ. ಬಾಳೂರು ಸುತ್ತಿನಲ್ಲಿ ಯಾವ ತೋಟದ ನಾಯಿ ಬರೀ ಬೊಗಳುತ್ತದೆ, ಯಾವುದು ಮೊದಲು ಕಚ್ಚಿ ಆಮೇಲೆ ಬೊಗಳುತ್ತದೆ ಎಂಬುದು ನನಗೆ ಬಾಯಿಪಾಠ. ವಿಶ್ವವಿದ್ಯಾಲಯದಿಂದ ಬಂದ ಸಂಶೋಧಕಿಗೆ ಅದು ಗೊತ್ತಿರಲಿಲ್ಲ. ಮೊದಲ ದಿನವೇ ಅವರ ವೇಲಿನ ಅರ್ಧ ನಾಯಿಯ ಬಾಯಿಗೆ ಹೋಯಿತು. ಮರುದಿನ ನಮ್ಮ ಮನೆಗೆ ಬಂದು, ನನ್ನ ಕೈಗೊಂದು ಟ್ಯಾಬ್ ಕೊಟ್ಟು, ಮನೆಮನೆಗೆ ಹೋಗಿ ನೀವೇ ಪ್ರಶ್ನೆ ಕೇಳಿ ಮೇಡಂ ಎಂದರು. ಮಕ್ಕಳಿಬ್ಬರೂ ಹಾಸ್ಟೆಲ್ ಸೇರಿ ನನಗೂ ಹೊತ್ತು ಹೋಗುತ್ತಿರಲಿಲ್ಲ. ಮೇಡಂ ಎಂದು ಯಾರೂ ಕರೆದಿರಲೂ ಇಲ್ಲ. ಒಪ್ಪಿಕೊಂಡುಬಿಟ್ಟೆ.

ಬೇರೆ ಜಾತಿಯವರು, ಬೇರೆ ಧರ್ಮದವರು ಪಕ್ಕದ ಮನೆಗೆ ಬಂದರೆ ಆಗಬಹುದೇ? ಒಟ್ಟಿಗೆ ಕೂತು ಉಣ್ಣುತ್ತೀರಾ? ನಿಮ್ಮ ಮನೆಯಲ್ಲಿ ಅವರಿಗೆಂದು ಬೇರೆ ಲೋಟ, ತಟ್ಟೆ ಇಟ್ಟಿದ್ದೀರಾ? ಹೀಗೆ ಪ್ರಶ್ನೆಗಳು. ಕೊನೆಗೆ ಪ್ರತಿಯೊಂದು ಪಂಗಡದ ಮೇಲೂ ನಿಮ್ಮ ಪ್ರೀತಿ ಎಷ್ಟು ಡಿಗ್ರಿ ಎಂದು ಸೊನ್ನೆಯಿಂದ ನೂರರೊಳಗೆ ಹೇಳಬೇಕಿತ್ತು. ಜ್ವರ ನೋಡಿದಂತೆ.

ಮೊದಲು ಮನೆಯಲ್ಲೇ ಅಭ್ಯಾಸ ಮಾಡೋಣವೆಂದು ಅತ್ತೆಯನ್ನು ಕೂರಿಸಿದೆ. ಅವರು ಎಲ್ಲರಿಗೂ ನೂರು ಡಿಗ್ರಿ ಕೊಟ್ಟರು. ಲೋಟದ ಪ್ರಶ್ನೆ ಬಂದಾಗ, "ಛೆ ಛೆ, ಅದೆಲ್ಲ ಹಿಂದಿನ ಕಾಲ ಮಾರಾಯ್ತಿ, ಈಗೆಲ್ಲಿ?" ಎನ್ನುತ್ತಾ ಎದ್ದು ಹಿತ್ತಿಲ ಬಾಗಿಲಿಗೆ ಹೋದರು. ಅಲ್ಲಿ, ಮನೆಗೂ ಕಾಫಿ ಕಣಕ್ಕೂ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಕಾಯುತ್ತಿದ್ದಳು. ಹೊರಗಿನ ಕಿಟಕಿ ಕಟ್ಟೆಯ ಮೇಲೆ ಮಗುಚಿಟ್ಟ ಲೋಟವನ್ನು ಅವಳೇ ಎತ್ತಿ ಹಿಡಿದಳು. ಅತ್ತೆ ಗೇಣುದ್ದ ಎತ್ತರದಿಂದ, ಲೋಟಕ್ಕೆ ಪಾತ್ರೆ ತಾಗದಂತೆ, ಒಂದು ಹನಿಯೂ ಚೆಲ್ಲದೆ ಕಾಫಿ ಹೊಯ್ದರು.

"ಮತ್ತೆ ಅದು?" ಎಂದೆ.

"ಅದು ಬೇರೆ ಲೋಟ ಅಲ್ಲ ಕಣೆ. ಅದು ಅವಳ ಲೋಟ. ನಿನ್ನ ಹಲ್ಲುಜ್ಜೋ ಬ್ರಷ್ಷು ನಾನು ತಗೊಳ್ತೀನಾ?"

ಅತ್ತೆಯ ತರ್ಕಕ್ಕೆ ಎದುರು ಹೇಳಿ ಗೆದ್ದವರಿಲ್ಲ. ನಾನು 'ಇಲ್ಲ' ಒತ್ತಿದೆ. ನನ್ನ ಬಾಣಂತನದಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಮೀಯಿಸಿದವಳು ಅದೇ ಹೆಂಗಸು. ಆಗಲೂ ಮಗು ಒಳಗೆ, ಲೋಟ ಹೊರಗೆ. ನಾನೂ ಎಷ್ಟು ಸಲ ಅದೇ ಗೇಣುದ್ದದಿಂದ ಹೊಯ್ದಿದ್ದೇನೋ. ಆದರೂ ಒತ್ತಿದೆ.

ಆಮೇಲೆ ಊರೆಲ್ಲ ಸುತ್ತಿದೆ. ಎಲ್ಲೆಲ್ಲೂ ನೂರು ಡಿಗ್ರಿ. ಪ್ರೀತಿ ಇಷ್ಟು ಕಾದಿರುವ ಸೀಮೆಯಲ್ಲಿ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಿಸಲು ಬಿಸಿಲು ಯಾಕೆ ಬೇಕು ಎಂದು ನನಗೆ ಅನುಮಾನ ಬಂತು. ಸಂಶೋಧಕಿ ಪಟ್ಟಿಯಲ್ಲಿ ಬೇಕೆಂದೇ ಪ್ರಪಂಚದಲ್ಲಿ ಇಲ್ಲದ ಒಂದು ಪಂಗಡದ ಹೆಸರು ಸೇರಿಸಿದ್ದರು. ದೊಡ್ಡ ಪ್ಲಾಂಟರ್ ಒಬ್ಬರು ಅದನ್ನು ಕೇಳಿ ಕಣ್ಣು ಮುಚ್ಚಿ ಯೋಚಿಸಿ, "ಅವ್ರು ಕಳಸದ ಕಡೆ ಜಾಸ್ತಿ. ಒಳ್ಳೇ ಜನಾನೇ. ಆದ್ರೆ ಸ್ವಲ್ಪ ಹುಷಾರಾಗಿರ್ಬೇಕು" ಎಂದರು. ಅವರ ಮನೆಯಲ್ಲೂ ಬೇರೆ ಲೋಟ ಇರಲಿಲ್ಲ. ಆಳುಗಳಿಗೆ ಪೇಪರ್ ಕಪ್ಪು. ಅದು ಆರೋಗ್ಯಕ್ಕಂತೆ. ಆರೋಗ್ಯ ಬೇಡವಾದ ಅವರು ಪಿಂಗಾಣಿ ಕಪ್ಪಿನಲ್ಲಿ ಕುಡಿಯುತ್ತಿದ್ದರು.

ಅನಾಹುತವಾದದ್ದು ಸಂಶೋಧಕಿ ನಮ್ಮ ಮನೆಗೆ ಕಾಫಿಗೆ ಬಂದ ದಿನ. ಉತ್ತರಗಳು ಸರಿಯಿವೆಯೇ ಎಂದು ಕೆಲವು ಮನೆಗಳನ್ನು ನೋಡುತ್ತಾರೆ ಎಂದು ನಾನೇ ಅತ್ತೆಯ ಮುಂದೆ ಬಾಯಿ ಬಿಟ್ಟಿದ್ದೆ. ಜೀಪಿನ ಸದ್ದು ಕೇಳಿದ್ದೇ ಅತ್ತೆ ಹಿತ್ತಿಲಿಗೆ ಓಡಿ, ಕಿಟಕಿ ಕಟ್ಟೆಯ ಲೋಟವನ್ನು ಎತ್ತಿ ತಂದು ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಉಳಿದ ಲೋಟಗಳ ನಡುವೆ ಸೇರಿಸಿಬಿಟ್ಟರು. ಹೇಳಿದ ಸುಳ್ಳನ್ನು ನಿಜ ಮಾಡುವ ಅವಸರ. ಸಂಶೋಧಕಿ ಹಿತ್ತಿಲ ಕಡೆ ತಿರುಗಿಯೂ ನೋಡದೆ ಕಾಫಿ ಕುಡಿದು, ಘಮ ಚೆನ್ನಾಗಿದೆ ಎಂದು ಹೊಗಳಿ ಹೋದರು.

ನಾಲ್ಕು ಗಂಟೆಗೆ ಹಿತ್ತಿಲ ಬಾಗಿಲಲ್ಲಿ ಆ ಹೆಂಗಸು ಬಂದು ನಿಂತಾಗ ಅತ್ತೆ ಸ್ಟ್ಯಾಂಡಿನತ್ತ ಕೈ ಚಾಚಿ, ಹಾಗೇ ನಿಂತುಬಿಟ್ಟರು. ಹನ್ನೆರಡು ಲೋಟ. ಕುದುರೆಮುಖದಲ್ಲಿ ಗಣಿ ನಿಂತು ಕ್ವಾರ್ಟರ್ಸ್ ಖಾಲಿ ಮಾಡುವಾಗ ನೆಂಟರೊಬ್ಬರು ನಮಗೆ ಕೊಟ್ಟುಹೋದ ಒಂದೇ ಡಜನ್, ಒಂದೇ ಅಚ್ಚು. ಹನ್ನೊಂದು ನಮ್ಮವು, ಒಂದು ಅವಳದು. ಯಾವುದು ಅವಳದು?

ಅತ್ತೆ ಮೂಸಿ ನೋಡಿದರು. ಹುಣಸೆಹಣ್ಣು ಹಾಕಿ ಉಜ್ಜಿದರು, ಕುದಿಯುವ ನೀರಿಗೆ ಹಾಕಿದರು. ಲೋಟ ಶುದ್ಧವಾದರೂ ಮನಸ್ಸು ಆಗಲಿಲ್ಲ. ಆ ಡಜನ್ನಿನ ಲೋಟದಲ್ಲಲ್ಲದೆ ಬೇರೆಯದರಲ್ಲಿ ಕುಡಿದರೆ ಅವರಿಗೆ ಅದು ಕಾಫಿಯೇ ಅಲ್ಲ. ಮೂರು ದಿನ, ಕಾಫಿ ಬೆಳೆಯುವ ಮನೆಯ ಯಜಮಾನಿ ಕಾಫಿ ಬಿಟ್ಟು ತಲೆನೋವಿನ ಪಟ್ಟಿ ಕಟ್ಟಿಕೊಂಡು ಕೂತರು. ನನ್ನ ಗಂಡ ಪಲ್ಯದ ಬಟ್ಟಲಿನಲ್ಲಿ ಕುಡಿದರು. ನಾನು ಮಗನ ಹಳೆಯ ಪ್ಲಾಸ್ಟಿಕ್ ಮಗ್ಗು ಹುಡುಕಿಕೊಂಡೆ. ದಿನವಿಡೀ ಊರವರ ಪೂರ್ವಗ್ರಹ ಅಳೆದು ಬಂದವಳು ಸಂಜೆ ಮಿಕ್ಕಿಮೌಸ್ ಚಿತ್ರದ ಮಗ್ಗಿನಲ್ಲಿ ಕಾಫಿ ಹೀರುತ್ತಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಹಾಗಂತ ಸ್ಟ್ಯಾಂಡಿನ ಲೋಟ ಮುಟ್ಟಲಿಲ್ಲ.

ನಾಲ್ಕನೆಯ ದಿನ ಅತ್ತೆ ಸೋತು ಆ ಹೆಂಗಸನ್ನೇ ಅಡುಗೆಮನೆಯ ಹೊಸ್ತಿಲ ತನಕ ಕರೆದರು. "ನಿನ್ನ ಲೋಟ ಯಾವ್ದು ನೋಡಿ ಹೇಳು."

ಅವಳು ಹನ್ನೆರಡನ್ನೂ ಒಂದೊಂದಾಗಿ ನೋಡಿದಳು. ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಇದೇ ದೊಡ್ಡಮ್ಮ" ಎಂದಳು.

"ನೋಡಿದ್ಯಾ, ಅವಳ ವಸ್ತು ಅವಳಿಗೆ ಗೊತ್ತಿರಲ್ವಾ?" ಎಂದು ಅತ್ತೆ ನನಗೆ ಹೇಳಿ, ಆ ಲೋಟವನ್ನು ಕಟ್ಟೆಗೆ ಕಳಿಸಿ, ಒಂದರ ಹಿಂದೊಂದು ಎರಡು ಲೋಟ ಕಾಫಿ ಕುಡಿದರು.

ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಅವಳ ಮನೆ. ತೋಟದ ಕೆಳಗೆ ಆಳುಗಳ ಲೈನ್ ಮನೆಗಳ ಸಾಲಿನಲ್ಲಿ ಕೊನೆಯದು. ಕೆಲಸಕ್ಕೆ ಕರೆಯಲು ಎಷ್ಟೋ ಸಲ ಹೋಗಿದ್ದೆ, ಅಂಗಳದಲ್ಲಿ ನಿಂತೇ ಬಂದಿದ್ದೆ. ಈಗ ಟ್ಯಾಬ್ ಇತ್ತು, ಕೂರಬೇಕಾಯಿತು. ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸಬೇಕೆಂದು ಸಂಶೋಧಕಿಯ ಕಟ್ಟಪ್ಪಣೆ. "ನೀವು ಈ ಊರಲ್ಲಿ ಎಷ್ಟು ವರ್ಷದಿಂದ ಇದ್ದೀರಿ?" ಎಂದೆ. ಅವಳು ತಿರುಗಿ ಹಿಂದೆ ಯಾರು ಬಂದರೆಂದು ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆ ನಗುವಿನಲ್ಲೇ ಅವಳು ಬಾಯಿಬಿಟ್ಟಳು. "ಅಮ್ಮ, ದೊಡ್ಡಮ್ಮಂಗೆ ಹೇಳ್ಬೇಡಿ. ಅವತ್ತು ಸುಮ್ನೆ ಒಂದು ಲೋಟ ತೋರ್ಸಿದೆ. ಎಲ್ಲಾ ಒಂದೇ ಥರ ಇದಾವೆ, ನಂಗೆಂಗೆ ಗೊತ್ತಾಗ್ಬೇಕು? ಪಾಪ, ಮೂರು ದಿನದಿಂದ ಕಾಫಿ ಇಲ್ದೆ ತಲೆ ಕಟ್ಕೊಂಡಿದ್ರಲ್ಲ."

ನಾನು ಟ್ಯಾಬ್ ನೋಡಿ ಮುಂದಿನ ಪ್ರಶ್ನೆ ಓದಿದೆ. ಹೊರಗಿನವರಿಗೆಂದು ಬೇರೆ ಲೋಟ ಇಟ್ಟಿದ್ದೀರಾ?

"ಹೂಂ, ಇದೆ" ಎಂದಳು.

ನಾನು ಹೋದ ಮನೆಗಳಲ್ಲೆಲ್ಲ ಹೌದು ಎಂದ ಮನೆ ಅದೊಂದೇ. ಅವಳು ಟ್ರಂಕಿನಿಂದ ಪೇಪರಿನಲ್ಲಿ ಸುತ್ತಿದ್ದ ಸ್ಟೀಲ್ ಲೋಟ ತೆಗೆದಳು. ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. "ನಿಮ್ಮ ಮಗನ ನಾಮಕರಣ ಆದ ವರ್ಷ ಕಳಸದಿಂದ ತಂದಿದ್ದು. ನಿಮ್ಮನೆಯವ್ರು ಯಾರಾದ್ರೂ ಬಂದ್ರೆ, ನಾವು ಕುಡ್ದಿದ್ರಲ್ಲಿ ಕೊಟ್ರೆ ಸಂಕೋಚ ಆಗ್ಬಾರ್ದಲ್ಲ ಅಂತ. ಯಾರೂ ಕುಡೀಲೇ ಇಲ್ಲ."

"ಈ ಪ್ರಶ್ನೆ ಇದಕ್ಕಲ್ಲ. 'ಇಲ್ಲ' ಅಂತ ಹಾಕ್ತೀನಿ" ಎಂದೆ.

"ಇರೋದನ್ನ ಇಲ್ಲ ಅಂತ ಹೆಂಗೆ ಬರೀತೀರಮ್ಮ? ತಪ್ಪಾಗಲ್ವಾ?"

ಕೆನ್ನೆಗೆ ಹೊಡೆದ ಹಾಗಾಯಿತು. 'ಹೌದು' ಒತ್ತಿದೆ. ಅವಳು ಕರಿಕಾಫಿಗೆ ಬೆಲ್ಲ ಹಾಕಿ ಕೊಟ್ಟಳು. ಸ್ಟಿಕ್ಕರ್ ಸಮೇತ ಹಿಡಿದು ಪೂರ್ತಿ ಕುಡಿದೆ. ವಾಪಸು ಬರುವಾಗ ಕಣದ ಕಟ್ಟೆಯ ಮೇಲೆ ಕೂತು ಸಂಶೋಧಕಿಗೆ ಫೋನು ಮಾಡಿ, ನಮ್ಮ ಮನೆಯ ಉತ್ತರ ಸುಳ್ಳು, 'ಹೌದು' ಎಂದು ತಿದ್ದಿ ಎಂದೆ.

ಮನೆಯಲ್ಲಿ ಅತ್ತೆ ಸಂಜೆಯ ಕಾಫಿ ಹಿಡಿದು ಕೂತಿದ್ದರು. "ಅವಳ ಮನೇಲಿ ಕಾಫಿ ಕುಡಿದೆ" ಎಂದೆ. ಅತ್ತೆ ನನ್ನತ್ತ ತಿರುಗಿ, "ಯಾವ ಲೋಟದಲ್ಲಿ ಕೊಟ್ಲು?" ಎಂದು ಕೇಳಿದರು.

"ನಮಗೆ ಅಂತ್ಲೇ ಬೇರೆ ಇಟ್ಟಿದಾಳೆ."

ಅತ್ತೆಯ ಮುಖ ಸಣ್ಣಗಾಯಿತು. "ಬೇರೆನಾ? ಇಷ್ಟು ವರ್ಷ ಮನೆಯವಳ ಥರ ನೋಡ್ಕೊಂಡಿದೀವಿ. ನಮಗೆ ಬೇರೆ ಲೋಟ ಇಡೋದಾ ಅವಳು?" ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ನಾನು ಕಿಟಕಿ ಕಟ್ಟೆಯತ್ತ ನೋಡಿದೆ. ಅತ್ತೆಯೂ ನೋಡಿದರು.

"ಅದು ಅವಳ ಲೋಟ ಕಣೆ" ಎಂದರು, ಈ ಸಲ ಮೆಲ್ಲಗೆ.

"ಅಲ್ಲ ಅತ್ತೆ. ಅವಳಿಗೂ ಗುರುತು ಸಿಕ್ಕಿರಲಿಲ್ಲ. ನಿಮ್ಮ ತಲೆನೋವು ನೋಡಲಾರದೆ ಯಾವುದೋ ಒಂದು ತೋರಿಸಿದ್ದು."

ಅತ್ತೆ ತಮ್ಮ ಕೈಯಲ್ಲಿದ್ದ ಲೋಟ ನೋಡಿಕೊಂಡರು. ಅರ್ಧ ಖಾಲಿಯಾಗಿತ್ತು. ಕೆಳಗಿಡಲೂ ಇಲ್ಲ, ಬಾಯಿಗೆ ಒಯ್ಯಲೂ ಇಲ್ಲ.

"ಆರಿಹೋಗುತ್ತೆ, ಕುಡೀರಿ" ಎಂದೆ.