ಸತ್ತಿಯ ಲಕ್ಕವ್ವ ಈಜು ಕಲಿತದ್ದು

ಆ ಭಾನುವಾರ ಸತ್ತಿ ಊರಿನ ನದಿದಂಡೆಗೆ ಹಳದಿ ವ್ಯಾನೊಂದು ಬಂದು ನಿಂತಾಗ ಲಕ್ಕವ್ವ ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಗಂಡನ ಧೋತರ ಹಿಂಡುತ್ತಿದ್ದಳು. ವ್ಯಾನಿನಿಂದ ಖಾಕಿ ಪ್ಯಾಂಟು, ಬಿಳಿ ಟೀ ಶರ್ಟು ತೊಟ್ಟ ಹುಡುಗಿಯರು ಇಳಿದು ಸಾಲಾಗಿ ನಿಂತರು. ನರೆತ ಕೂದಲಿನ, ಸಣಕಲು ಮೈಯ ಒಬ್ಬ ಗಂಡಸು ಮೆಲ್ಲಗೆ ಏನೋ ಹೇಳಿದ. ಸಾಲು ಒಡೆಯಿತು. ಹುಡುಗಿಯರು ಗೋಣಿಚೀಲ ಹಿಡಿದು ದಂಡೆಯ ಮೇಲೆ ಬಿದ್ದಿದ್ದ ಪ್ಲಾಸ್ಟಿಕ್ಕು, ಕೊಳೆತ ಹೂಮಾಲೆ, ಒಡೆದ ಫೋಟೋಗಳ ಚೌಕಟ್ಟು ಆರಿಸತೊಡಗಿದರು.

ಉಳಿದ ಹೆಂಗಸರು ಒಮ್ಮೆ ತಲೆಯೆತ್ತಿ ನೋಡಿ ಒಗೆತಕ್ಕೆ ಮರಳಿದರು. ಲಕ್ಕವ್ವನಿಗೆ ಅದು ಸಾಧ್ಯವಿರಲಿಲ್ಲ. ಅವಳು ಕೇಳುವವಳು. ಊರಿಗೆ ಕರೆಂಟಿನವರು ಬಂದರೆ ಕಂಬದ ಕೆಳಗೆ ನಿಂತು ತಂತಿಯೊಳಗೆ ಏನು ಹರಿಯುತ್ತದೆ ಎಂದು ಕೇಳುತ್ತಿದ್ದಳು; ಔಷಧಿ ಹೊಡೆಯುವ ಡ್ರೋನು ಕಬ್ಬಿನ ಮೇಲೆ ಹಾರಿದ ದಿನ ಅದರ ಹಿಂದೆಯೇ ಮೂರು ಹೊಲ ದಾಟಿ ಹೋಗಿದ್ದಳು. ಹತ್ತಿರ ಬಂದ ಹುಡುಗಿಯನ್ನು ಅವಳು ಬಿಡಲಿಲ್ಲ.

"ಯಾರ ಕಳಿಸ್ಯಾರವ್ವಾ ನಿಮ್ಮನ್ನ?"

"ಸಾಲಿಯಿಂದ ಬಂದೀವ್ರಿ ಕಾಕು. ಅಥಣಿ ಹತ್ರ ಮಿಲಿಟ್ರಿ ತರಬೇತಿ ಸಾಲಿ ಐತಲ್ರಿ, ಅಲ್ಲಿಂದ."

"ಮಿಲಿಟ್ರಿ? ಬಂದೂಕ ಎಲ್ಲಿ ಅದಾವ?"

"ಈಗ ಬಂದೂಕ ಕೊಡಂಗಿಲ್ರಿ. ಪರೀಕ್ಷಾ ಪಾಸಾಗಿ ಮುಂದ ಹೋದ ಮ್ಯಾಲ ಕೊಡ್ತಾರ."

"ಅಲ್ಲೀತನಾ ಕಸಾ ಹೆಕ್ಕಸ್ತಾರೇನು?"

ಹುಡುಗಿ ನಕ್ಕಳು. ಅವಳ ಹೆಸರು ಅಪೂರ್ವ, ನಿಪ್ಪಾಣಿಯ ಕಿರಾಣಿ ವ್ಯಾಪಾರಿಯ ಮಗಳು. ಸೈನ್ಯದ ಅಧಿಕಾರಿಯಾಗಬೇಕೆಂದು ಹಟ ಹಿಡಿದು, ಹುಡುಗರೂ ಹುಡುಗಿಯರೂ ಓದುವ ಆ ವಸತಿ ಶಾಲೆ ಸೇರಿದ್ದಳು. ಅಲ್ಲಿ ಓಟ, ಗಣಿತ, ಇಂಗ್ಲಿಷಿನ ಜೊತೆಗೆ ತಿಂಗಳಲ್ಲಿ ಎರಡು ಭಾನುವಾರ ಯಾವುದಾದರೂ ಹಳ್ಳಿಗೆ ಹೋಗಿ ಸೇವೆ ಮಾಡುವುದು ರೂಢಿ. ಇದನ್ನೆಲ್ಲ ಅವಳು ವಿವರಿಸುತ್ತಿದ್ದಂತೆ ಲಕ್ಕವ್ವ ಮತ್ತೊಂದು ಪ್ರಶ್ನೆ ಹಾಕಿದಳು.

"ಈಜಾಕ ಬರತೈತೇನು?"

"ಬರತೈತ್ರಿ. ಸಾಲ್ಯಾಗ ಎಲ್ಲಾರಿಗೂ ಕಲಿಸ್ತಾರ."

ಲಕ್ಕವ್ವ ಹಿಂಡಿದ ಧೋತರವನ್ನು ಬುಟ್ಟಿಗೆ ಹಾಕಿದಳು. "ಹಂಗಾರ ನನಗೂ ಕಲಸು."

ಲಕ್ಕವ್ವ ಹುಟ್ಟಿದ್ದು ಅಥಣಿ ತಾಲೂಕಿನ ಮೂಡಣ ಮಗ್ಗುಲಿನ ಒಣ ಊರಲ್ಲಿ. ಅಲ್ಲಿ ನೀರೆಂದರೆ ಕೊಡದೊಳಗೆ ಇರುವ ವಸ್ತು. ಮದುವೆಯಾಗಿ ಸತ್ತಿಗೆ ಬಂದ ಮೊದಲ ಬೆಳಿಗ್ಗೆ ಕೃಷ್ಣೆಯನ್ನು ನೋಡಿ, ಇಷ್ಟು ನೀರು ಒಂದೇ ಕಡೆ ಯಾಕೆ ನಿಂತಿದೆ ಎಂದು ಅತ್ತೆಯನ್ನು ಕೇಳಿದ್ದಳಂತೆ. ಅಂದಿನಿಂದ ದಿನವೂ ನದಿಗೆ ಬಂದಿದ್ದಾಳೆ. ಮೊಣಕಾಲಿಗಿಂತ ಆಳಕ್ಕೆ ಇಳಿದಿಲ್ಲ. ಗಂಡ ಈಶ್ವರನಿಗೆ ಕಬ್ಬಿನ ಹೊಲವಿದೆ, ಎರಡು ಎಮ್ಮೆ ಇವೆ. ಮಗಳು ದೀಪಾಲಿ ರಾಯಬಾಗದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಬೇಕಾದದ್ದೆಲ್ಲ ಇತ್ತು. ನೀರಿನ ಹೆದರಿಕೆಯೂ ಇತ್ತು.

ಅಪೂರ್ವ ಅವಳನ್ನು ತನ್ನ ಶಿಕ್ಷಕರ ಬಳಿಗೆ ಕರೆದೊಯ್ದಳು. ಆ ಸಣಕಲು ಮೈಯವರೇ ಅಪ್ಪಾಸಾಬರು. ರಾಯಬಾಗ ಕಡೆಯ ರೈತರ ಮನೆಯವರು, ನೌಕಾಪಡೆಯಲ್ಲಿದ್ದು ನಿವೃತ್ತರಾಗಿ ಈಗ ಶಾಲೆಯಲ್ಲಿ ಈಜು ಕಲಿಸುತ್ತಿದ್ದರು. ಹಳ್ಳಿಗಳಲ್ಲಿ ಜನ ಅವರಿಗೆ ರಸ್ತೆ ಸರಿಮಾಡಿಸಿ, ಗಟಾರು ತೆಗೆಸಿ ಎಂದು ಹೇಳುತ್ತಿದ್ದರು. ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಅವರು ನದಿಯತ್ತ ನೋಡಿದರು.

"ಅಕ್ಕಾರ, ನದ್ಯಾಗ ಬ್ಯಾಡ. ನಡುಗಡ್ಡಿ ಮ್ಯಾಲ ಮೊಸಳಿ ಮಲಗಿತ್ತಂತ ಮೀನಗಾರ ಮಂದಿ ಹೇಳ್ಯಾರ. ನಿಮ್ಮ ಹೊಲದಾಗ ಬಾವಿ ಐತೇನ್ರಿ?"

"ಐತ್ರಿ. ಮೆಟ್ಟಲನೂ ಅದಾವ."

"ಮನ್ಯಾಗ ಕೇಳಿ ಹೇಳ್ರಿ. ಒಪ್ಪಿದ್ರ ಮುಂದಿನ ಸೇವಾ ನಿಮ್ಮ ಬಾವಿಯಾಗ."

ಮನೆಯಲ್ಲಿ ಈಶ್ವರ ಒಪ್ಪಲಿಲ್ಲ. "ಮೊಮ್ಮಕ್ಕಳನ್ನ ಆಡ್ಸೂ ವಯಸ್ಸಿನ್ಯಾಗ ಕಪ್ಪಿ ಆಗಾಕಿ ಏನ? ಮಂದಿ ಏನಂದಾರು?"

"ಮಂದಿ ನನ್ನ ಕೇಳ್ಲಿ, ನಾ ಹೇಳ್ತೀನಿ."

"ಏನರೆ ಆದ್ರ?"

"ಅದಕ್ಕ ನೀ ಹಗ್ಗಾ ಹಿಡಕೊಂಡ ನಿಲ್ಲು."

ಎರಡು ದಿನ ಮಾತಿಲ್ಲದೆ ಉಂಡು, ಮೂರನೆಯ ದಿನ ಈಶ್ವರ ತಾನಾಗಿ ಅಂಗಡಿಯಿಂದ ಹೊಸ ನೂಲಿನ ಹಗ್ಗ ತಂದು ಪಡಸಾಲೆಯಲ್ಲಿ ಇಟ್ಟ. ಅದನ್ನೇ ಒಪ್ಪಿಗೆ ಎಂದು ಲಕ್ಕವ್ವ ತಿಳಿದುಕೊಂಡಳು.

ಮಗಳ ಹಳೆಯ ಚೂಡಿದಾರ ತೊಟ್ಟು ಬಾವಿಯ ಮೆಟ್ಟಿಲು ಇಳಿಯುವಾಗ ಲಕ್ಕವ್ವನಿಗೆ ನೀರಿಗಿಂತ ಆ ಉಡುಪಿನದೇ ಹೆಚ್ಚು ಸಂಕೋಚವಾಯಿತು. ಅಪೂರ್ವ ಎಣ್ಣೆಯ ಖಾಲಿ ಡಬ್ಬಿಗಳ ಮುಚ್ಚಳ ಬಿಗಿದು ಅವಳ ಬೆನ್ನಿಗೆ ಕಟ್ಟಿದಳು. ಮೇಲೆ ಈಶ್ವರ ಹಗ್ಗ ಹಿಡಿದಿದ್ದ. ಅಪ್ಪಾಸಾಬರು ನೀರಿನ ಅಂಚಿನ ಕಲ್ಲಿನ ಮೇಲೆ ಕೂತಿದ್ದರು.

ಅಪೂರ್ವ ಶಾಲೆಯಲ್ಲಿ ತಾನು ಕಲಿತಂತೆಯೇ ಕಲಿಸಿದಳು. "ಕೈ ಮುಂದ, ಒಂದ್! ಕಾಲ ಬಡೀರಿ, ಎರಡ್! ಬಿಡ್ರಿ ಕಾಕು, ಕಲ್ಲ ಬಿಡ್ರಿ!" ಲಕ್ಕವ್ವ ಕಲ್ಲು ಬಿಡಲಿಲ್ಲ. ಮರುಸಲವೂ ಬಿಡಲಿಲ್ಲ. ಅಪೂರ್ವಳ ದನಿ ಏರಿದಷ್ಟೂ ಅವಳ ಬೆರಳುಗಳು ಮೆಟ್ಟಿಲಿನ ಅಂಚಿಗೆ ಬಿಗಿಯುತ್ತಿದ್ದವು. ಬೇಸತ್ತ ಹುಡುಗಿ ಕೊನೆಗೆ ಅವಳ ಪಕ್ಕದಲ್ಲೇ, ನೀರಲ್ಲಿ ಅರ್ಧ ಮುಳುಗಿ ಕೂತುಬಿಟ್ಟಳು.

"ಕಾಕು, ಒಂದ ಕೇಳ್ತೀನಿ. ಈಜ ಕಲತ ಏನ ಮಾಡಾವ್ರು ನೀವು?"

ಲಕ್ಕವ್ವ ಮೇಲೆ ನಿಂತಿದ್ದ ಗಂಡನತ್ತ ನೋಡಿ ದನಿ ತಗ್ಗಿಸಿದಳು.

"ಆಚಿ ದಂಡ್ಯಾಗ ಒಬ್ಬಾಕಿ ಬಟ್ಟಿ ಒಗೀತಾಳ. ನಾ ಲಗ್ನಾಗಿ ಬಂದಾಗಿಂದ ನೋಡಾಕತ್ತೀನಿ. ನಾ ಕೈ ಎತ್ತಿದ್ರ ಆಕೀನೂ ಎತ್ತತಾಳ. ಒಮ್ಮೊಮ್ಮಿ ಎತ್ತಂಗಿಲ್ಲ. ನಾ ಏನ ಮಾಡಿದೆ, ಯಾಕ ಸಿಟ್ಟಾಗ್ಯಾಳ ಅಂತ ದಿನಾ ಪೂರ್ತಿ ಅದ ತಲ್ಯಾಗ ಇರತೈತಿ. ಮರುದಿನ ಮತ್ತ ಎತ್ತತಾಳ. ಯಾರಾಕಿ, ಹೆಸರೇನು, ಒಂದೂ ಗೊತ್ತಿಲ್ಲ."

ಅಲ್ಲಿ ನದಿ ಅಗಲವಾಗಿದೆ. ಕೂಗಿದರೆ ದನಿ ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ.

"ಬಸ್ಸಿಗೆ ಹೋಗಬಹುದಲ್ರಿ?"

"ಹೋಗಿ ಯಾರ ಮನಿ ಅಂತ ಕೇಳ್ಲಿ? ಬಟ್ಟಿ ಒಗಿಯಾಕಿ ಮನಿ ಅಂತನ?"

"ದೋಣಿ ಐತಲ್ರಿ?"

"ದೋಣ್ಯಾಗ ಕಾಲಿಟ್ರ ಎದಿ ಡಬಡಬ ಅಂತೈತಿ. ನೀರಾಗ ಬಿದ್ರ ಏನ ಮಾಡಬೇಕು ಅನ್ನೂದು ಗೊತ್ತಾಗ್ಲಿ. ಅಷ್ಟ ಸಾಕು ನನಗ."

ಅಪೂರ್ವ ಅಪ್ಪಾಸಾಬರ ಮುಖ ನೋಡಿದಳು. ಅವರು ಎಲ್ಲ ಕೇಳಿಸಿಕೊಂಡಿದ್ದರು. ಅಂಗೈಯನ್ನು ಮೇಲ್ಮುಖವಾಗಿ ತೆರೆದು ತೋರಿಸಿದರು. ಅಂಗಾತ ಮಲಗಿಸು ಎಂದು.

"ಹಂಗಾರ ಈಜೂದ ಬ್ಯಾಡ್ರಿ ಕಾಕು," ಎಂದಳು ಅಪೂರ್ವ. "ಬೀಳೂದನ್ನ ಕಲಿಯೂಣು. ಹಾಸಿಗಿ ಮ್ಯಾಲ ಬಿದ್ದಂಗ ಬೀಳ್ರಿ. ಕಿವಿ ನೀರೊಳಗ ಹೋಗ್ಬೇಕು."

"ಕಿವಿ ನೀರಾಗ ಹೋದ್ರ ಏನ ಕೇಳತೈತಿ?"

"ನೀವ ಕೇಳಿ ಹೇಳ್ರಿ."

ಲಕ್ಕವ್ವನನ್ನು ಕಲ್ಲಿನಿಂದ ಬಿಡಿಸಿದ್ದು ಆ ಮಾತು. ಅಪೂರ್ವಳ ಕೈ ಬೆನ್ನಡಿಯಲ್ಲಿ ಇತ್ತು, ಆಮೇಲೆ ಇರಲಿಲ್ಲ. ಯಾವಾಗ ತೆಗೆದಳೋ ಲಕ್ಕವ್ವನಿಗೆ ತಿಳಿಯಲಿಲ್ಲ. ಕಿವಿ ಮುಳುಗಿದ್ದವು. ಬಾವಿಯ ಬಾಯಿಯಷ್ಟೇ ದುಂಡಗಿನ ಆಕಾಶ ಮೇಲಿತ್ತು, ಅದರ ಅಂಚಿನಲ್ಲಿ ಹಗ್ಗ ಹಿಡಿದ ಗಂಡನ ತಲೆ. ಅವನ ಬಾಯಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಬದಲಿಗೆ ಎಲ್ಲಿಂದಲೋ ಸಣ್ಣಗೆ ಗುಂಯ್‌ಗುಡುವ ಸದ್ದು. ಎದ್ದು ಮೆಟ್ಟಿಲು ಹಿಡಿದವಳೇ ಕೂಗಿದಳು: "ಬಾಜೂ ಹೊಲದ ಪಂಪ್‌ಸೆಟ್ಟ ಕೇಳತೈತಿ! ನೀರೊಳಗ ಕೇಳತೈತಿ!" ಈಶ್ವರ ಕಿವಿಗೊಟ್ಟು ಆಲಿಸಿದ. ಮೇಲೆ ಏನೂ ಕೇಳುತ್ತಿರಲಿಲ್ಲ.

ಮಾಗಿ ಕಳೆಯುವ ಹೊತ್ತಿಗೆ ಅವಳು ಡಬ್ಬಿ ಕಟ್ಟಿಕೊಳ್ಳದೆ ಬಾವಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿ ಬರುತ್ತಿದ್ದಳು. ಒಗೆಯಲು ಬರುವ ಹೆಂಗಸರಲ್ಲಿ ನಾಲ್ಕೈದು ಮಂದಿ ಮೊದಲು ನೋಡಲು ಬಂದರು, ಆಮೇಲೆ ತಾವೂ ಇಳಿದರು. ಅಪೂರ್ವಳ ಜೊತೆಗೆ ಮಯೂರಿ ಎಂಬ ಹುಡುಗಿಯೂ ಕಲಿಸಲು ನಿಂತಳು.

ಬೇಸಿಗೆಯ ಆರಂಭದಲ್ಲಿ ಅಪ್ಪಾಸಾಬರು ಆಚೆ ದಂಡೆಯನ್ನು ಸ್ವಚ್ಛ ಮಾಡುವ ಕಾರ್ಯಕ್ರಮ ಹಾಕಿಕೊಂಡರು. ಹುಡುಗಿಯರು ವ್ಯಾನಿನಲ್ಲಿ ಸೇತುವೆ ಸುತ್ತಿ ಬರುವುದು, ತಾವು ಮತ್ತು ಅಪೂರ್ವ ಲಕ್ಕವ್ವನೊಡನೆ ದೋಣಿಯಲ್ಲಿ ದಾಟುವುದು. ಶಾಲೆಯಿಂದ ಕಿತ್ತಳೆ ಬಣ್ಣದ ತೇಲು ಜಾಕೀಟುಗಳು ಬಂದವು. ತಾನೂ ಬರುತ್ತೇನೆಂದು ಈಶ್ವರ ಪಟ್ಟು ಹಿಡಿದ.

ದೋಣಿ ನಡೆಸುವ ಧೂಳಪ್ಪ ಹುಟ್ಟು ಹಾಕುತ್ತಿದ್ದಂತೆ ಲಕ್ಕವ್ವ ಒಂದು ಕೈಯನ್ನು ನೀರಿನಲ್ಲಿ ಆಡಿಸುತ್ತ ಕೂತಿದ್ದಳು. ಎದೆ ಬಡಿಯುತ್ತಿತ್ತು, ಆದರೆ ಬಿದ್ದರೆ ಏನು ಮಾಡಬೇಕೆಂದು ಗೊತ್ತಿತ್ತು. ಅವಳ ಎದುರು ಈಶ್ವರ ದೋಣಿಯ ಎರಡೂ ಅಂಚು ಹಿಡಿದು ಕಣ್ಣು ಮುಚ್ಚಿದ್ದ.

"ಯಾಕೋ ಈಶ್ವರಣ್ಣ, ನಿನಗ ಈಜ ಬರತೈತಲಾ?" ಎಂದ ಧೂಳಪ್ಪ.

"ನಾ ಯಾವಾಗ ಬರತೈತಿ ಅಂದಿದ್ದೆ?"

ಲಕ್ಕವ್ವ ಗಂಡನನ್ನೇ ನೋಡಿದಳು. "ಮತ್ತ ಬಾವಿ ಮ್ಯಾಲ ಹಗ್ಗಾ ಹಿಡಕೊಂಡ ನಿಂತಿದ್ಯಲ್ಲೋ! ನಾ ಮುಳಗಿದ್ರ?"

"ಎಳೀತಿದ್ದೆ," ಎಂದ ಈಶ್ವರ ಕಣ್ಣು ತೆರೆಯದೆ. "ಎಳಿಯಾಕ ಈಜ ಯಾಕ ಬರಬೇಕು?"

ಆಚೆ ದಂಡೆಯಲ್ಲಿ ಹಸಿರು ಸೀರೆಯ ಹೆಂಗಸು ಒಗೆಯುವ ಕಲ್ಲಿನ ಬಳಿ ನಿಂತಿದ್ದಳು. ದೋಣಿ ನೇರ ತನ್ನತ್ತಲೇ ಬರುವುದನ್ನು ಕಂಡು ಬಟ್ಟೆ ಕೆಳಗಿಟ್ಟಳು. ಲಕ್ಕವ್ವ ಇಳಿದು, ಕೆಸರಿನಲ್ಲಿ ನಡೆದು ಹತ್ತಿರ ಹೋದಳು. ಇಷ್ಟು ವರ್ಷ ಕೂಡಿಟ್ಟ ಪ್ರಶ್ನೆಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕೈ ಎತ್ತಿದಳು. ಆ ಹೆಂಗಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯ ಶಿವನ! ಸತ್ತಿ ಅಕ್ಕಾ ಅಲ್ಲೇನ್ರಿ ನೀವು?"

ಅವಳ ಹೆಸರು ನೀಲಮ. ಮನೆಗೆ ಬರಲೇಬೇಕೆಂದು ಕೈ ಹಿಡಿದು ಎಳೆದೊಯ್ದಳು; ಈಶ್ವರ, ಅಪ್ಪಾಸಾಬರು ಹಿಂದೆ ಹೋದರು. ಹಿತ್ತಿಲಿನಲ್ಲಿ ಎಮ್ಮೆ ಹಿಂಡುತ್ತಿದ್ದ ಇನ್ನೊಬ್ಬಳು ಎದ್ದು ಬಂದಳು. ಅದೇ ಎತ್ತರ, ಅದೇ ಮೈಕಟ್ಟು, ಮೈಮೇಲೆ ಅದೇ ಹಸಿರು ಸೀರೆ. ಲಕ್ಕವ್ವ ಒಬ್ಬಳಿಂದ ಇನ್ನೊಬ್ಬಳಿಗೆ ನೋಡಿದಳು.

"ಈಕಿ ನನ್ನ ನೆಗೆಣ್ಣಿ ಕಾಶಿಬಾಯಿ, ನಮ್ಮ ಮೈದುನನ ಹೆಂಡ್ತಿ. ನಮ್ಮತ್ತಿ ಸೀರಿ ತಂದ್ರ ಎರಡೂ ಒಂದ ನಮೂನಿ ತರಾಕಿ. ನಾವೂ ಹಂಗ ಮುಂದವರಿಸೀವಿ. ಒಮ್ಮೊಮ್ಮಿ ಆಕಿ ನದಿಗೆ ಹೋಗ್ತಾಳ, ಉಳದ ದಿನ ನಾನು."

"ಹಂಗಾರ ಕೈ ಎತ್ತಾಕಿ?"

"ನಾನ್ರಿ!" ಎಂದಳು ನೀಲಮ.

ಲಕ್ಕವ್ವ ಕಾಶಿಬಾಯಿಯ ಕಡೆಗೆ ತಿರುಗಿದಳು. "ಮತ್ತ ನೀವು ಯಾಕ್ರಿ ಒಂದಿನಾನೂ ಎತ್ತಲಿಲ್ಲ? ನನ್ನ ಮ್ಯಾಲ ಸಿಟ್ಟಂತ ತಿಳಕೊಂಡ ನಾ ಎಷ್ಟ ಸಂಕಟಾ ಪಟ್ಟೀನಿ ಗೊತ್ತೇನು?"

ಕಾಶಿಬಾಯಿ ಗಾಬರಿಯಾದಳು. ಲಕ್ಕವ್ವನ ಮುಖದ ತೀರ ಸಮೀಪಕ್ಕೆ ತನ್ನ ಮುಖ ತಂದು, ಕಣ್ಣು ಕಿರಿದು ಮಾಡಿ ನೋಡಿದಳು. "ಆಚಿ ದಂಡ್ಯಾಗ ಮಂದಿ ಕಾಣಸ್ತಾರೇನ್ರಿ? ನನಗ ನೀರು ಮುಗದ ಮ್ಯಾಲ ಬರೇ ಹಸರ ಕಾಣತೈತಿ. ಎಲ್ಲಾರಿಗೂ ಹಂಗ ಅಂತ ತಿಳಕೊಂಡಿದ್ದೆ. ಈಕಿ ದಂಡ್ಯಾಗ ನಿಂತ ಕೈ ಎತ್ತತಾಳಂತ ಕೇಳಿದಾಗ, ದೇವರಿಗೆ ಮುಗಿಯಾಕತ್ತಾಳ ಅಂದ್ಕೊಂಡೆ."

ನೀಲಮ ನಗಲು ಶುರುಮಾಡಿದಳು, ಆಮೇಲೆ ನಿಲ್ಲಿಸಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತನಗೂ ಇದು ತಿಳಿದಿರಲಿಲ್ಲ. ಲಕ್ಕವ್ವನಿಗೆ ಅಳು ಬಂತು. ಯಾರಿಗಾಗಿ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಅವಳು ಕಾಶಿಬಾಯಿಯ ಕೈ ಹಿಡಿದು ಕಟ್ಟೆಯ ಮೇಲೆ ಕೂತಳು. ಚಹಾ ಬಂತು, ಶೇಂಗಾ ಹೋಳಿಗೆ ಬಂತು. ಮೂವರೂ ಒಟ್ಟಿಗೆ ಮಾತಾಡುತ್ತಿದ್ದುದರಿಂದ ಈಶ್ವರನಿಗೆ ಏನೂ ಅರ್ಥವಾಗಲಿಲ್ಲ. ದೋಣಿಯಲ್ಲೇ ವಾಪಸು ಹೋಗಬೇಕೇ ಎಂದು ಅವನು ಅಪ್ಪಾಸಾಬರನ್ನು ಮೆಲ್ಲಗೆ ವಿಚಾರಿಸಿದ. ಹುಡುಗಿಯರ ವ್ಯಾನಿನಲ್ಲಿ ಒಂದು ಸೀಟು ಖಾಲಿ ಇದೆ ಎಂದರು ಅವರು.

ಅದಾದ ವಾರವೇ ನೀಲಮ ತನ್ನ ನೆಗೆಣ್ಣಿಯನ್ನು ಚಿಕ್ಕೋಡಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಳು. ಕನ್ನಡಕ ಬಂದ ಮೇಲೆ ಕಾಶಿಬಾಯಿ ಮೊದಲು ನೋಡಿದ್ದು ಮನೆ ಮುಂದಿನ ಬೇವಿನ ಮರ. ಎಲೆಗಳು ಬಿಡಿಬಿಡಿಯಾಗಿವೆ ಎಂದು ದಿನವಿಡೀ ಹೇಳಿದಳಂತೆ. ಈಶ್ವರ ಈಗ ಶಾಲೆಯ ಹುಡುಗರ ತಂಡ ಬರುವ ಭಾನುವಾರ, ಹೆಂಗಸರೆಲ್ಲ ಹೋದ ಮೇಲೆ, ಬಾವಿಗೆ ಇಳಿಯುತ್ತಾನೆ. ಅವನಿಗಿನ್ನೂ ಎರಡು ಡಬ್ಬಿ ಬೇಕು. ಅಪೂರ್ವ ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ಬಂದಿಲ್ಲ.

ಮೊನ್ನೆ ತರಗತಿ ಮುಗಿದು, ಎಲ್ಲರೂ ಬಾವಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಾಗ ಲಕ್ಕವ್ವ ಕೂದಲು ಹಿಂಡುತ್ತ ಅಪ್ಪಾಸಾಬರನ್ನು ಕೇಳಿದಳು:

"ಅಲ್ರೀ ಸರ, ತಿಂಗಳಗಟ್ಲೆ ಹಡಗಿನ್ಯಾಗ ಇರ್ತಿದ್ರಿ. ಬಟ್ಟಿ ಎಲ್ಲಿ ಒಗೀತಿದ್ರಿ?"

ಅಪ್ಪಾಸಾಬರು ಹಡಗಿನೊಳಗೆ ಒಗೆಯಲೆಂದೇ ಒಂದು ಕೋಣೆ ಇರುವುದನ್ನೂ ಸಿಹಿನೀರು ಉಳಿಸಬೇಕಾದಾಗ ಪಟ್ಟ ಪಾಡನ್ನೂ ಹೇಳಿದರು. ಉಪ್ಪುನೀರಿನಲ್ಲಿ ಸಾಬೂನಿಗೆ ನೊರೆ ಬರುವುದಿಲ್ಲ ಎಂದರು.

"ಯಾಕ ಬರಂಗಿಲ್ರಿ?" ಎಂದಳು ಲಕ್ಕವ್ವ, ಕೂದಲು ಹಿಂಡುವುದನ್ನು ನಿಲ್ಲಿಸಿ.