ಗಾಳಿ ಇಳಿಸಿದ ಟಯರು

ಬಸ್ರೂರಿನ ರವಿರಾಜ ಬಹಳ ವರ್ಷ ದುಬೈಯ ಮರುಭೂಮಿಯಲ್ಲಿ ಪ್ರವಾಸಿಗರನ್ನು ಮರಳುದಿಬ್ಬಗಳ ಮೇಲೆ ಸುತ್ತಿಸುವ ಚಾಲಕನಾಗಿದ್ದ. ಊರಿಗೆ ವಾಪಸು ಬಂದು ಹಳೆಯ ಜೀಪೊಂದನ್ನು ಕೊಂಡ. ಕೊಲ್ಲೂರಿನ ಆಚೆಯ ಬೆಟ್ಟಕ್ಕೆ ಜನರನ್ನು ಕರೆದೊಯ್ಯಬೇಕೆಂಬುದು ಅವನ ಆಸೆ. ಮೊದಲ ಸಲ ಹತ್ತಿಸಿಕೊಂಡದ್ದು ಹೆಂಡತಿ ಸೌಜನ್ಯಳನ್ನು ಮತ್ತು ಅಕ್ಕ ಗುಣವತಿಯನ್ನು.

ಬೆಟ್ಟದ ಬುಡದಲ್ಲಿ ಅವನು ಟಯರುಗಳ ಗಾಳಿಯನ್ನು ಅರ್ಧದಷ್ಟು ಇಳಿಸಿದ.

“ಎಂತ ಮಾರಾಯಾ, ಗಾಳಿ ತೆಗೂಕೆ ಇಲ್ ಹೊಯ್ಗೆ ಎಲ್ಲಿತ್ತ್?” ಎಂದು ಅಕ್ಕ ಮರಳೇ ಇಲ್ಲದ ಕಲ್ಲುದಾರಿಯನ್ನು ತೋರಿಸಿ ನಕ್ಕಳು.

“ಮರುಭೂಮಿಯಲ್ ಹಿಂಗೇ ಮಾಡೂದ್ ಅಕ್ಕ. ಟಯರ್ ಅಗಲ ಆರೆ ಜಾರುದಿಲ್ಲ.”

ಮಂಜು ಕವಿದ ತಿರುವಿನಲ್ಲಿ ಚೂಪು ಕಲ್ಲೊಂದು ತಾಗಿದ್ದೇ ಸಡಿಲವಾಗಿದ್ದ ಟಯರು ಗಾಲಿಯಿಂದ ಕಳಚಿತು. ಜೀಪು ಕಣಿವೆಯ ಕಡೆ ವಾಲಿ ಹಿಂದಕ್ಕೆ ಜಾರತೊಡಗಿತು. ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ. ರವಿರಾಜ ಬ್ರೇಕನ್ನು ತುಳಿದು ಹಿಡಿದಾಗ ಜೀಪು ನಿಂತಿತು. ಮರಳಿನಲ್ಲಿ ಗಾಡಿ ಜಾರಿದರೆ ಮರಳೇ ತಡೆಯುತ್ತಿತ್ತು. ಇಲ್ಲಿ ಕೆಳಗೆ ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ.

“ನೀವಿಬ್ರೂ ಗುಡ್ಡೆ ಬದಿಗೆ ಮೆಲ್ಲ ಇಳೀನಿ,” ಎಂದ.

“ನೀವ್?” ಎಂದಳು ಸೌಜನ್ಯ.

“ನಾ ಕಾಲ್ ತೆಗದ್ರೆ ಜೀಪ್ ಹೋತ್ತ್.”

ಇಬ್ಬರೂ ಇಳಿದರು. ಅಕ್ಕ ಕಲ್ಲುಗಳನ್ನು ಎತ್ತಿ ತಂದು ಚಕ್ರಗಳ ಹಿಂದೆ ಒತ್ತಿ ಇಟ್ಟಳು. ಸೌಜನ್ಯ ಹೊರಗೆ ನಿಂತು, ಜೀಪನ್ನೇ ತಡೆದು ನಿಲ್ಲಿಸುವವಳಂತೆ ಗಂಡನ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದಳು.

ಅವನು ಕಾಲು ತೆಗೆದ. ಜೀಪು ಒಮ್ಮೆ ಕಿರುಗುಟ್ಟಿ ಅಲ್ಲೇ ನಿಂತಿತು. ಕೆಳಗಿಳಿದವನು ನೆಲದ ಮೇಲೆ ಕುಳಿತು ಎರಡೂ ಕೈಯಲ್ಲಿ ಹುಲ್ಲನ್ನು ಬಿಗಿಯಾಗಿ ಹಿಡಿದುಕೊಂಡ.

“ಏಳ್ ತಮ್ಮ, ನಡ್ಕಂಡೇ ಹೋಪ,” ಎಂದಳು ಅಕ್ಕ.

“ಇನ್ನೊಂಚೂರ್ ಕೂಕಂತೆ ಅಕ್ಕ,” ಎಂದ ರವಿರಾಜ, ಹಿಡಿದ ಹುಲ್ಲನ್ನು ಬಿಡದೆ.