ವಿಭೂತಿಯ ಗೆರೆ, ಸುಣ್ಣದ ಗುರುತು

ಕಮಲಾಕ್ಷ ಭಟ್ಟರು ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, ಇಳಿಯುವ ಮೊದಲೇ ಕಿಟಕಿಯಿಂದ ಕೂಗಿದರು: "ವೀರಭದ್ರಪ್ಪಣ್ಣ, ನಿಮ್ಮ ಶಾಫ್ಟು ಹಾಡ್ತಾ ಉಂಟು ಮಾರಾಯ್ರೆ!"

ಡೊಂಬಿವಲಿಯಲ್ಲಿ ಭಟ್ಟರದೊಂದು ಸಣ್ಣ ಹೋಟೆಲು. ಹಿಂದಿನ ಚಕ್ರಗಳಿಂದ ಓಡುವ ಅವರ ಹಳೆಯ ಕಾರಿನ ಪ್ರೊಪೆಲ್ಲರ್ ಶಾಫ್ಟು, ಅಂದರೆ ಗೇರ್‌ಬಾಕ್ಸಿನ ಬಲವನ್ನು ಹಿಂದಕ್ಕೆ ಒಯ್ಯುವ ಉಕ್ಕಿನ ಕೊಳವೆ, ತುಕ್ಕು ತಿಂದು ಸವೆದಿತ್ತು. ಮೂರು ವಾರಗಳ ಹಿಂದೆ ವೀರಭದ್ರಪ್ಪನವರು ಅದರ ಕೊಳವೆ ಕತ್ತರಿಸಿ, ಹೊಸದನ್ನು ಬೆಸೆದು, ಯಂತ್ರದ ಮೇಲೆ ತಿರುಗಿಸಿ ತೂಕ ಸಮ ಮಾಡಿ ಕೊಟ್ಟಿದ್ದರು. ಅಂಬರನಾಥದ ಈ ತಗಡಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷಗಳಿಂದ ಅವರು ಮಾಡಿದ್ದು ಇದೊಂದೇ ಕೆಲಸ. ಒಮ್ಮೆ ಬೆಸೆದ ಕೊಳವೆಯನ್ನು ಮತ್ತೆ ಬೆಸೆಯುತ್ತಿರಲಿಲ್ಲ. ಬಿರುಕು ಕಂಡರೆ ಗಿರಾಕಿಯ ಎದುರಿಗೇ ಎರಡು ತುಂಡು ಮಾಡುತ್ತಿದ್ದರು. ನಿಮಿಷಕ್ಕೆ ಮೂರು ಸಾವಿರ ಸಲ ತಿರುಗುವ ಉಕ್ಕು ಯಾರದೋ ಕಾಲಿನಡಿಯಲ್ಲಿ ಇರುತ್ತದೆ ಎಂಬುದನ್ನು ಅವರು ಒಂದು ದಿನವೂ ಮರೆತವರಲ್ಲ.

"ಯಾವಾಗ ಹಾಡತೈತಿ?"

"ಶೀಳ್ ರಸ್ತೆಯಲ್ಲಿ ಅರವತ್ತು ದಾಟಿದ ಕೂಡಲೇ. ಟೈರು ಎರಡು ಸಲ ನೋಡಿಸಿದೆ, ಅದರದ್ದೇನಿಲ್ಲ. ನಿನ್ನೆ ಮೊಮ್ಮಗಳು ಅಪರ್ಣಾ ಹಿಂದೆ ಕೂತಿದ್ದಳು. 'ಅಜ್ಜ, ಕಾಲಡಿಯಲ್ಲಿ ಜೇನುಹುಳ ಉಂಟಾ' ಅಂತ ಕೇಳ್ತಾಳೆ."

ವೀರಭದ್ರಪ್ಪನವರು ನಗಲಿಲ್ಲ. ಶಾಫ್ಟು ಬಿಚ್ಚಿ ಕಬ್ಬಿಣದ ಮೇಜಿನ ಮೇಲೆ ಮಲಗಿಸಿದರು. ಅದರ ಎರಡು ಭಾಗಗಳು ಹಲ್ಲಿಗೆ ಹಲ್ಲು ಕೂತು ಒಂದರೊಳಗೊಂದು ಜಾರುತ್ತವೆ. ತುದಿಗಳ ಕವಲುಗಳೆರಡೂ ಒಂದೇ ಸಮತಲದಲ್ಲಿ ಇರಬೇಕು; ಒಂದು ಹಲ್ಲು ತಪ್ಪಿದರೂ ಪ್ರತಿ ಸುತ್ತಿಗೆ ಎರಡು ಸಲ ನಡುಗುತ್ತದೆ. ತೂಕ ನೋಡುವ ಯಂತ್ರಕ್ಕೆ ಇದು ತಿಳಿಯುವುದಿಲ್ಲ. ಅಲ್ಲಿ ಶಾಫ್ಟು ನೇರವಾಗಿ ತಿರುಗುತ್ತದೆ, ಕಾರಿನಡಿಯಲ್ಲಿ ಓರೆಯಾಗಿ. ಯಂತ್ರ ತನ್ನನ್ನು ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಕೂಡಿಸುವಾಗ ಗುರುತಿಗೆಂದು ಎರಡೂ ಭಾಗಗಳ ಮೇಲೆ ಪಂಚಿನಿಂದ ಹೊಡೆದ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎರಡೂ ಎದುರುಬದುರಾಗಿದ್ದವು. ಒಂದು ಕವಲಿನ ಮೇಲೆ ರಸಮಟ್ಟ ಇಟ್ಟು ಬಗ್ಗಿ ನೋಡಿದರು, ಆಮೇಲೆ ಇನ್ನೊಂದರ ಮೇಲೆ. ಎರಡರಲ್ಲೂ ಮಟ್ಟದ ಗಾಜಿನೊಳಗಿನ ಗುಳ್ಳೆ ನಡುವೆಯೇ ನಿಂತಿತ್ತು.

ಆದರೆ ಏಳು ತಿಂಗಳಿಂದ ಅವರಿಗೆ ತಮ್ಮ ನೋಟದ ಮೇಲೆ ಒಂದು ಗುಮಾನಿ ಇತ್ತು. ಗ್ಲಾಕೋಮಾ ಎಂದಿದ್ದರು ಕಲ್ಯಾಣದ ಕಣ್ಣಿನ ಡಾಕ್ಟರು; ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯಬಹುದು ಅಷ್ಟೇ. ಹೆಂಡತಿ ಸುಶೀಲಾಬಾಯಿಗೂ ಹೇಳದೆ, ಹನಿ ಔಷಧದ ಶೀಷೆಯನ್ನು ಪಾನಾ, ಸ್ಪ್ಯಾನರುಗಳ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಕುರುಡು ಅಂದರೆ ಕಪ್ಪು ಎಂದು ಅವರು ತಿಳಿದಿದ್ದರು. ಅದು ಹಾಗಿರಲಿಲ್ಲ. ಕಾಣದ ಜಾಗವನ್ನು ಮೆದುಳು ತನಗೆ ರೂಢಿಯಾದದ್ದರಿಂದ ತುಂಬಿಕೊಳ್ಳುತ್ತದೆ. ಇರಬೇಕಾದದ್ದನ್ನೇ ಇದೆ ಎಂದು ತೋರಿಸುತ್ತದೆ.

"ಭಟ್ರ, ನೀವ ಒಮ್ಮೆ ನೋಡ್ರಿ. ಗುಳ್ಳಿ ಎಲ್ಲೈತಿ?"

"ನಾನಾ? ನನಗೆ ಸಾಂಬಾರಿನ ಗುಳ್ಳೆ ಮಾತ್ರ ಗೊತ್ತು."

"ಅಷ್ಟ ಸಾಕು. ನೋಡ್ರಿ."

ಭಟ್ಟರು ಕನ್ನಡಕ ಏರಿಸಿ ಬಗ್ಗಿದರು. "ಇದರಲ್ಲಿ ನಡುವೆ ಉಂಟು." ಮಟ್ಟವನ್ನು ಆ ಕಡೆಗೆ ಇಟ್ಟರು. "ಇದರಲ್ಲಿ... ಇದು ಓಡಿ ಹೋಗಿ ಮೂಲೆಯಲ್ಲಿ ಕೂತಿದೆ ಮಾರಾಯ್ರೆ."

ವೀರಭದ್ರಪ್ಪನವರು ಮತ್ತೊಮ್ಮೆ ಬಗ್ಗಿದರು. ಗುಳ್ಳೆ ನಡುವೆಯೇ ಇತ್ತು.

ಆಗ ಅವರಿಗೆ ಮೂರು ವಾರಗಳ ಹಿಂದಿನ ಖಂಡೇನವಮಿ, ಆಯುಧಪೂಜೆಯ ದಿನ, ನೆನಪಾಯಿತು. ಬಿಚ್ಚುವ ಮೊದಲು ಎರಡೂ ಭಾಗಗಳಿಗೆ ಸೀಮೆಸುಣ್ಣದ ಗೆರೆ ಎಳೆಯುವುದು, ಕೂಡಿಸುವಾಗ ಅದೇ ಗೆರೆಗೆ ಪಂಚ್ ಹೊಡೆಯುವುದು ಅವರ ರೂಢಿ. ಆ ಸಂಜೆ ಎರಡರ ನಡುವೆ ಪೂಜೆ ಬಂತು. ಶೆಡ್ಡಿನಲ್ಲಿರುವ ಕಬ್ಬಿಣವೆಲ್ಲ ಆ ದಿನ ದೇವರು. ಸುಶೀಲಾಬಾಯಿ ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಒರೆಸಿದ್ದರು, ಸುಣ್ಣದ ಗೆರೆಯೂ ಅದರೊಡನೆ ಹೋಗಿತ್ತು; ವೀರಭದ್ರಪ್ಪನವರು ತಮ್ಮ ಕೈಯಿಂದಲೇ ಮೂರು ಬೆರಳಿನ ವಿಭೂತಿ ಹಚ್ಚಿದ್ದರು. ಮರುದಿನ ಒರೆಸಿದ ಮೇಲೂ ಒಂದು ಬಿಳಿ ಎಳೆ ಉಳಿದಿತ್ತು. ಅದನ್ನೇ ತಮ್ಮ ಸುಣ್ಣದ ಗುರುತೆಂದು ನಂಬಿ, ಒಂದು ಹಲ್ಲು ಆಚೆಗೆ ಪಂಚ್ ಹೊಡೆದಿದ್ದರು. ರಸಮಟ್ಟ ಇಟ್ಟು ನೋಡಿಯೂ ಇದ್ದರು. ಗುಳ್ಳೆ ಅಂದೂ ನಡುವೆಯೇ ಇತ್ತು.

"ಬೆಸುಗೆ ಏನಾದ್ರೂ ಸರಿದದ್ದಾ?" ಭಟ್ಟರು ಕೇಳಿದರು. "ನಮ್ಮ ರಸ್ತೆ ಗೊತ್ತಲ್ಲ, ಹೊಂಡ ಎಣಿಸಿ ಮುಗಿಯುದಿಲ್ಲ."

"ಹೊಂಡದ್ದಲ್ಲ ಭಟ್ರ. ನಂದ ತಪ್ಪು. ನನಗ ಕಣ್ಣು ಕಾಣೂದಿಲ್ಲ."

ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಭಟ್ಟರು ಟಾರ್ಚು ಹಿಡಿದರು.

ಶಾಫ್ಟು ಬಿಡಿಸಿ ಒಂದು ಹಲ್ಲು ಹಿಂದಕ್ಕೆ ಕೂಡಿಸಿದರು. ತುದಿಯ ಕವಲುಗಳನ್ನು ಜೋಡಿಸುವ, ನಡುಗಿ ದಣಿದಿದ್ದ ಕ್ರಾಸುಗಳೆರಡನ್ನೂ ತೆಗೆದು ಹೊಸದು ಹಾಕಿದರು. ಭಟ್ಟರು ಗುಳ್ಳೆ ನೋಡಿ "ಈಗ ನಡುವೆ" ಎಂದರು. ಯಂತ್ರದ ಮುಳ್ಳನ್ನೂ ಅವರೇ ಓದಿದರು. ಸುಳ್ಳು ಚುಕ್ಕೆಯನ್ನು ಅರದಿಂದ ತಿಕ್ಕಿ ಅಳಿಸಿ, ಭಟ್ಟರ ಬೆರಳು ತೋರಿಸಿದಲ್ಲಿ ವೀರಭದ್ರಪ್ಪನವರು ಹೊಸ ಚುಕ್ಕೆ ಹೊಡೆದರು. ರಸ್ತೆಯಲ್ಲಿ ಕಾರು ಸದ್ದಿಲ್ಲದೆ ಓಡಿತು.

"ಸರಿ ಆಯ್ತಲ್ಲ, ಇನ್ನೆಂತ ಮಂಡೆಬಿಸಿ?" ಹೊರಡುವಾಗ ಭಟ್ಟರು ಅಂದರು.

"ಇದೊಂದು ಆತ್ರಿ."

ಏಳು ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಶಾಫ್ಟುಗಳು ಆ ಮೇಜು ದಾಟಿದ್ದವು. ವಿಭೂತಿಯ ಎಳೆ ಒಂದೇ ದಿನದ್ದು, ಕಣ್ಣು ಏಳು ತಿಂಗಳದ್ದು. ಗಿರಾಕಿಗಳ ಫೋನ್ ನಂಬರುಗಳನ್ನು ಅವರು ತಗಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಖಂಡೇನವಮಿಯ ಹಿಂದಿನ ದಿನ ಪ್ರತಿವರ್ಷದಂತೆ ಗೋಡೆ ತೊಳೆದಾಗಿತ್ತು.

ನೆನಪಿದ್ದ ಆರು ಜನಕ್ಕೆ ಫೋನ್ ಮಾಡಿದರು. ಇಬ್ಬರು ಎತ್ತಲಿಲ್ಲ. ಒಂದು ನಂಬರು ಬೇರೆ ಯಾರದೋ ಆಗಿತ್ತು. ಉಳಿದವರು ಗಾಡಿ ಚೆನ್ನಾಗಿದೆ, ಬಿಚ್ಚಿಸುವುದಿಲ್ಲ ಎಂದರು. "ಕಾಯ್‌ತರೀ ಕಾಯ್ ಕಾಕಾ, ಮಸ್ತ್ ಚಾಲ್ತೀಯ್ ಗಾಡಿ," ಏನೇನೋ ಹೇಳ್ತೀರಿ, ಗಾಡಿ ಮಸ್ತಾಗಿ ಓಡ್ತಿದೆ ಎಂದು ಮರಾಠಿಯಲ್ಲಿ ನಕ್ಕ ಒಬ್ಬ.

ಸಂಜೆ ಘಣಸೋಲಿಯ ದಿಲೀಪನೆಂಬುವನು ಬಾಗಿದ ಶಾಫ್ಟನ್ನು ಹೆಗಲ ಮೇಲೆ ಹೊತ್ತು ಬಂದ. ವೀರಭದ್ರಪ್ಪನವರು ಅದನ್ನು ಮುಟ್ಟಲಿಲ್ಲ. "ಬೇರೆ ಕಡೆ ಒಯ್ಯಪ್ಪಾ."

"ಎಲ್ಲಿಗೆ, ಕಾಕಾ?"

ವೀರಭದ್ರಪ್ಪನವರು ಯಂತ್ರದ ಸ್ವಿಚ್ಚು ಆರಿಸಿ ಹೊರಗೆ ಬಂದು ರಸ್ತೆಯ ಅಂಚಿನಲ್ಲಿ ನಿಂತರು. ಕಿವಿ ಇನ್ನೂ ಚುರುಕಾಗಿತ್ತು. ಕಾರ್ಖಾನೆಗಳ ಪಾಳಿ ಬಿಟ್ಟ ಹೊತ್ತು. ಟೆಂಪೊ, ಜೀಪು, ಕಾರುಗಳು ಒಂದರ ಹಿಂದೊಂದು ಹಾದುಹೋಗುತ್ತಿದ್ದವು. ಯಾವುದರ ಅಡಿಯಲ್ಲಿ ಜೇನುಹುಳದ ಸದ್ದಿದೆಯೆಂದು ಅವರು ಆಲಿಸುತ್ತ ನಿಂತರು. ಅಷ್ಟು ಗದ್ದಲದಲ್ಲಿ ಯಾವುದನ್ನೂ ಬೇರೆ ಮಾಡಲಾಗಲಿಲ್ಲ.